ವೆಂಡೆಲ್ ಕ್ರಾಟ್ಸ್ ನುಡಿದ ಸಾಕ್ಷಿ

ವೆಂಡೆಲ್ ಕ್ರಾಟ್ಸನ ಬಲಗೈಯಲ್ಲಿ ನೆಟ್ಟಗಿದ್ದದ್ದು ಹೆಬ್ಬೆರಳು ಮಾತ್ರ. ಮಿಕ್ಕವು ಒಂದೊಂದು ಒಂದೊಂದು ಊರಿನಲ್ಲಿ ಮುರಿದು, ಸರಿಯಾಗಿ ಕೂಡಿಕೊಳ್ಳುವಷ್ಟು ಬಿಡುವು ಸಿಗದೆ, ಬಿರುಗಾಳಿಗೆ ವಾಲಿದ ಬೇಲಿಗೂಟಗಳ ಹಾಗೆ ಆಚೀಚೆ ತಿರುಗಿಕೊಂಡಿದ್ದವು. ಬೇಸ್‌ಬಾಲಿನಲ್ಲಿ ಕ್ಯಾಚರನ ಪಾಡೇ ಅದು. ದಾಂಡಿಗನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು, ಪಿಚರ್ ಎಸೆದ ಚೆಂಡನ್ನು ಸಂಜೆಯಿಡೀ ಹಿಡಿಯಬೇಕು. ದಾಂಡಿಗೆ ಸವರಿ ದಾರಿ ತಪ್ಪಿದ ಚೆಂಡು ಬೆರಳಿಗೋ ಗಂಟಲಿಗೋ ಬಡಿದರೆ, ಎರಡು ಸಲ ಕೈ ಕೊಡವಿಕೊಂಡು ಮತ್ತೆ ಕೂರಬೇಕು. ಜನ ನೋಡುವುದು ಎಸೆದವನನ್ನು, ಬಾರಿಸಿದವನನ್ನು. ಹಿಡಿದವನನ್ನು ನೋಡುವವರು ಕಡಿಮೆ.

ಅವನ ಅಪ್ಪ ಜೋಳದ ಕಣಜಗಳಲ್ಲಿ ದುಡಿಯುತ್ತಿದ್ದವನು. ಶಾಲೆ ಮುಗಿಯುವ ಮೊದಲೇ ದೊಡ್ಡ ತಂಡವೊಂದು ವೆಂಡೆಲ್‌ನನ್ನು ಆರಿಸಿಕೊಂಡಾಗ, ಅಪ್ಪ ಗೆಳೆಯರನ್ನೆಲ್ಲ ಕರೆದು ಅಂಗಳದಲ್ಲಿ ಹಂದಿಮಾಂಸ ಸುಟ್ಟು ಹಂಚಿದ. ಆಮೇಲೆ ವೆಂಡೆಲ್ ಆ ತಂಡದ ಕೆಳಗಿನ ಮೆಟ್ಟಿಲುಗಳಲ್ಲೇ ಹತ್ತುತ್ತ ಇಳಿಯುತ್ತ ಪ್ರಾಯ ಕಳೆದ. ಟಿವಿಯಲ್ಲಿ ಕಾಣುವ ಮೇಲಿನ ಮೆಟ್ಟಿಲನ್ನು ಒಂದು ದಿನವೂ ತುಳಿಯಲಿಲ್ಲ. ಅವರು ಬೇಡವೆಂದು ಕಳಿಸಿದ ಮೇಲೆ ಟಸ್ಕರ್ ಬೆಂಡ್ ಎಂಬ ನದಿತೀರದ ಸಣ್ಣ ಊರಿಗೆ ಬಂದು ಸೇರಿದ. ಸುತ್ತ ಜೋಳದ ಹೊಲ, ಒಂದೇ ಪಾಳಿ ನಡೆಯುತ್ತಿದ್ದ ರಟ್ಟಿನ ಡಬ್ಬಿಯ ಕಾರ್ಖಾನೆ, ಮತ್ತು ಯಾವ ದೊಡ್ಡ ತಂಡದ ಹಂಗೂ ಇಲ್ಲದ ಹೆರನ್ಸ್ ಎಂಬ ಒಂದು ಬೇಸ್‌ಬಾಲ್ ತಂಡ. ಇಷ್ಟೇ ಆ ಊರು.

ಊರಿಗೆ ಅವನು ಒಗ್ಗಿದ. ಅವನಿಗೂ ಊರು ಒಗ್ಗಿತು. ತಂಡದವರು ವೃದ್ಧಾಶ್ರಮಕ್ಕೆ ಟೋಪಿ ಹಂಚಲು ಹೋದಾಗ ಅಲ್ಲಿನ ಅಡಿಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ನೋರೀನಳನ್ನು ಕಂಡು, ಟೋಪಿ ಮುಗಿದ ಮೇಲೂ ಅಲ್ಲೇ ನಿಂತುಬಿಟ್ಟಿದ್ದ. ಮದುವೆಯೂ ಆಯಿತು. ಮಕ್ಕಳಾಗಲಿಲ್ಲ. ಬೇಸಿಗೆಯಲ್ಲಿ ಆಟ, ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಕೆಲಸ. ಆಟದ ಸಂಬಳ ಬಸ್ಸಿನಲ್ಲಿ ಕಾಫಿ ಕುಡಿಯಲು, ಮೊಣಕಾಲಿಗೆ ಹಚ್ಚುವ ಮುಲಾಮಿಗೆ ಸಾಲುತ್ತಿತ್ತು. ಮನೆ ನಡೆಯುತ್ತಿದ್ದದ್ದು ನೋರೀನಳ ದುಡಿಮೆಯಿಂದ.

"ನಮ್ಮಲ್ಲಿ ಪಾತ್ರೆ ತೊಳೆಯೋ ಹುಡುಗಿಗೂ ಕನಿಷ್ಠ ಕೂಲಿ ಅಂತ ಒಂದು ಇದೆ ಕಣೋ," ಎಂದು ನೋರೀನ್ ಆಗಾಗ ಚುಚ್ಚುತ್ತಿದ್ದಳು. "ನಿನ್ನ ತಾಸಿನ ಲೆಕ್ಕ ಹಾಕಿದ್ರೆ ಆ ಪಾತ್ರೆಗಿಂತ ಕಡೆ ನೀನು."

"ಅದು ಕೆಲಸ, ಇದು ಆಟ," ಎಂದು ನಗುತ್ತಿದ್ದ ವೆಂಡೆಲ್.

"ಹೌದು ಹೌದು. ಆಟ ಆಡಿ ಆಡಿ ಟೀ ಬಟ್ಟಲು ಹಿಡಿಯೋಕ್ಕಾಗಲ್ಲ ನಿಂಗೆ."

ಯೋರ್ಬಿನ್ ಸೆಪೆಡಾ ಬಂದದ್ದು ಆ ಹೊತ್ತಿಗೆ. ವೆನೆಜುವೆಲಾದವನು, ಎತ್ತರದ ಆಳು, ಒಂಟೆಯ ಹಾಗೆ ಉದ್ದ ಕತ್ತು. ಅವನು ಎಸೆದ ಚೆಂಡು ಕೈಗವಸಿಗೆ ಬಡಿದರೆ ಹಲಗೆ ಸೀಳಿದ ಸದ್ದು. ಆದರೆ ಅವನಿಗೆ ಗೊತ್ತಿದ್ದದ್ದು ವೇಗ ಒಂದೇ. ಅದೇ ಕೈಬೀಸಿನಲ್ಲಿ ನಿಧಾನದ ಚೆಂಡನ್ನು ಬಿಟ್ಟು ದಾಂಡಿಗನನ್ನು ಏಮಾರಿಸುವುದನ್ನು ವೆಂಡೆಲ್ ಅವನಿಗೆ ಒಂದು ಬೇಸಿಗೆ ಪೂರ್ತಿ ಕಲಿಸಿದ. ಯೋರ್ಬಿನ್ ಅವನನ್ನು 'ತಾತ' ಎಂದು ಕರೆಯತೊಡಗಿದ. ಮೂವತ್ತಮೂರರ ವೆಂಡೆಲ್ ಹಾಗೆ ಇಡೀ ತಂಡಕ್ಕೇ ತಾತನಾದ.

ಭಾನುವಾರ ಮಧ್ಯಾಹ್ನ ಯೋರ್ಬಿನ್‌ನ ಊಟ ನೋರೀನಳ ಮನೆಯಲ್ಲಿ. ಬೇಯಿಸಿದ ಕೋಳಿ, ಹಿಸುಕಿದ ಆಲೂಗಡ್ಡೆ, ಬೀನ್ಸು, ಬೆಣ್ಣೆ ಹಚ್ಚಿದ ಬನ್ನು. ಅವನು ಮೊದಮೊದಲು ನಾಚಿಕೊಂಡು ತಿನ್ನುತ್ತಿದ್ದ. ಒಂದು ಭಾನುವಾರ, ಎದ್ದು ಹೋಗುವಾಗ, ಎರಡು ಬನ್ನು ಅಂಗಿಯ ಜೇಬಿಗೆ ಸೇರಿದ್ದನ್ನು ನೋರೀನ್ ನೋಡಿದಳು. ನೋಡದವಳಂತೆ ನಲ್ಲಿ ತಿರುಗಿಸಿ ತಟ್ಟೆ ತೊಳೆದಳು. ಮುಂದಿನ ವಾರದಿಂದ ಎರಡು ಪಟ್ಟು ಬೇಯಿಸಿ, "ಮಿಕ್ಕಿದ್ದು ಹಾಳಾಗುತ್ತೆ, ತಗೊಂಡ್ ಹೋಗಪ್ಪ, ಪುಣ್ಯ ಬರುತ್ತೆ," ಎಂದು ಡಬ್ಬಿ ಕಟ್ಟಿಕೊಡತೊಡಗಿದಳು.

ಮುಚ್ಚಿಹೋದ ಚಪ್ಪಲಿ ಅಂಗಡಿಯೊಂದರ ಮಹಡಿಯಲ್ಲಿ ಆರು ಮಂದಿ ಆಟಗಾರರು ಗಾಳಿ ತುಂಬುವ ಹಾಸಿಗೆ ಹಾಕಿಕೊಂಡು ಇದ್ದರು. ಯೋರ್ಬಿನ್ ಅವರಲ್ಲೊಬ್ಬ. ಸಿಕ್ಕ ಸಂಬಳದಲ್ಲಿ ತಾಯಿಗೆ ಕಳಿಸಿ ಮಿಕ್ಕಿದ್ದು ಬ್ರೆಡ್ಡು, ಕಡಲೆಕಾಯಿ ಬೆಣ್ಣೆಗೆ. ಅದೂ ಸಾಲದೆ ಬೆಳಗಿನ ಹೊತ್ತು ಊರಾಚೆ ಹಂದಿ ಸಾಗಿಸುವ ಲಾರಿಗಳನ್ನು ತೊಳೆಯಲು ಹೋಗುತ್ತಿದ್ದ. ಆಟಕ್ಕೆಂದು ಕೊಟ್ಟ ವೀಸಾದಲ್ಲಿ ಬೇರೆ ಕೆಲಸ ಮಾಡುವಂತಿರಲಿಲ್ಲ. ಸಿಕ್ಕಿಬಿದ್ದರೆ ಗಂಟುಮೂಟೆ ಕಟ್ಟಬೇಕು. ಅವನ ಆ ಕೆಲಸ ಗೊತ್ತಿದ್ದದ್ದು ವೆಂಡೆಲ್‌ಗೆ, ನೋರೀನಳಿಗೆ ಮಾತ್ರ. ನೀರಿನ ದಪ್ಪ ಪೈಪನ್ನು ಬೆಳಗೆಲ್ಲ ಹಿಡಿದೆತ್ತಿದ ತೋಳಲ್ಲೇ ಯೋರ್ಬಿನ್ ಸಂಜೆ ಚೆಂಡೆಸೆಯುತ್ತಿದ್ದ.

"ತೋಳು ಹಾಳ್ಮಾಡ್ಕೋತೀಯ ಕಣೋ," ಎಂದರೆ, "ಹೊಟ್ಟೆ ಹಾಳಾದ್ರೆ ತೋಳಿಟ್ಕೊಂಡು ಏನ್ಮಾಡ್ಲಿ ತಾತ?" ಎನ್ನುತ್ತಿದ್ದ.

ಎರಡನೆಯ ಬೇಸಿಗೆ ಶುರುವಾಗುವ ಹೊತ್ತಿಗೆ ಸುದ್ದಿಯೊಂದು ಹರಡಿತು. ಬೇರೆ ಕಡೆ ಸಣ್ಣ ತಂಡಗಳ ಆಟಗಾರರು ತಮಗೂ ಕನಿಷ್ಠ ಕೂಲಿ ಸಲ್ಲಬೇಕೆಂದು ನ್ಯಾಯಾಲಯ ಹತ್ತಿದ್ದರು. ಅದು ಇಲ್ಲಿಗೂ ಬರುವ ಮುನ್ನ ಬಾಗಿಲು ಹಾಕಬೇಕೆಂದು ರಾಜ್ಯದ ತಂಡಗಳ ಒಡೆಯರೆಲ್ಲ ಸೇರಿ ಶಾಸನಸಭೆಯಲ್ಲಿ ಒಂದು ಮಸೂದೆ ತರಿಸಿದರು. ಸಣ್ಣ ಲೀಗಿನ ಆಟಗಾರರಿಗೆ ಕನಿಷ್ಠ ಕೂಲಿ ಕಾನೂನು ಅನ್ವಯಿಸದು. ಹುರುಳು ಅಷ್ಟೇ.

ಹೆರನ್ಸ್‌ನ ಒಡೆಯ ಗ್ರೇಡಿ ಟಾರ್ವರ್ ಟ್ರಾಕ್ಟರ್ ಮಾರುವ ಆಸಾಮಿ. ಕೆಟ್ಟವನೆಂದು ಊರಲ್ಲಿ ಯಾರೂ ಅನ್ನುತ್ತಿರಲಿಲ್ಲ. ವೆಂಡೆಲ್‌ನನ್ನು ತನ್ನ ಅಂಗಡಿಯ ಹಿಂದಿನ ಕೋಣೆಗೆ ಕರೆಸಿಕೊಂಡು, ತಾನೇ ಸ್ಯಾಂಡ್‌ವಿಚ್ ಬಿಚ್ಚಿ ಮುಂದಿಟ್ಟ.

"ರಾಜಧಾನೀಲಿ ಸಮಿತಿ ಮುಂದೆ ಒಂದೆರಡು ಮಾತು ಹೇಳ್ಬೇಕು ನೀನು. ನಾನು ಮಾತಾಡಿದ್ರೆ ದುಡ್ಡಿನವನು ಅಂತಾರೆ. ನೀನು ಮಾತಾಡಿದ್ರೆ ಕೇಳ್ತಾರೆ. ನಿನ್ನ ಕೈ ನೋಡಿದ್ರೇ ಸಾಕು."

"ನಾನೇನ್ ಹೇಳ್ಲಿ ಸ್ವಾಮಿ?"

"ನಿಜಾನೇ ಹೇಳಪ್ಪ. ನಿಂಗೆ ಈ ಆಟ ಅಂದ್ರೆ ಪ್ರಾಣ ತಾನೆ? ಅಷ್ಟು ಹೇಳು. ತಾಸಿಗಿಷ್ಟು ಅಂತ ಲೆಕ್ಕ ಹಾಕಿ ಕೊಡೋ ಹಂಗಾದ್ರೆ ನಾನು ಬೀಗ ಹಾಕ್ಬೇಕು. ಈ ಊರಿಗೆ ಇನ್ನೇನಿದೆ ಹೇಳು, ಡಬ್ಬಿ ಕಾರ್ಖಾನೆ ಬಿಟ್ರೆ?" ಕರವಸ್ತ್ರದಲ್ಲಿ ಬಾಯೊರೆಸಿಕೊಂಡು, "ನಿನ್ನ ಮಂಡಿ ಇನ್ನೆಷ್ಟು ದಿನ ಬರುತ್ತೆ? ಬರೋ ವರ್ಷ ನಂಗೊಬ್ಬ ಕೋಚ್ ಬೇಕು ವೆಂಡೆಲ್. ಹೊರಗಿನವನು ಯಾಕೆ ಅಂತ ಯೋಚ್ನೆ ಮಾಡ್ತಿದ್ದೆ," ಎಂದ.

ಮೂಗಿಗೆ ತುಪ್ಪ ಸವರುತ್ತಿದ್ದಾನೆಂದು ವೆಂಡೆಲ್‌ಗೆ ತಿಳಿಯದೇ ಇರಲಿಲ್ಲ. ಆದರೆ ತುಪ್ಪದ ವಾಸನೆ ಬಂದಿತ್ತು. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವಾಗ ಗೋಡೆ ಹಿಡಿಯುವವನಿಗೆ, ಆಟ ಬಿಟ್ಟರೆ ಬೇರೇನೂ ಬಾರದವನಿಗೆ, ಮೈದಾನದ ಅಂಚಿನಲ್ಲಿ ನಿಂತು ಮುದುಕನಾಗುವ ಭಾಗ್ಯ ಸಣ್ಣದೇನಲ್ಲ. ಒಪ್ಪಿಕೊಂಡು ಬಂದ.

"ಹೋಗ್ತೀಯಾ?" ಎಂದಳು ನೋರೀನ್.

"ಕೋಚ್ ಕೆಲಸ ಕೊಡ್ತಾನಂತೆ."

"ನಾನು ಕೇಳಿದ್ದು ಅದಲ್ಲ." ಹೋಗುವ ದಿನ ಅವನ ಒಂದೇ ಒಂದು ಕೋಟನ್ನು ಇಸ್ತ್ರಿ ಮಾಡಿ ಬಾಗಿಲ ಹಿಡಿಕೆಗೆ ನೇತುಹಾಕಿ ಕೆಲಸಕ್ಕೆ ಹೊರಟುಹೋಗಿದ್ದಳು.

ಶಾಸನಸಭೆಯ ಕಲ್ಲಿನ ಪಡಸಾಲೆಯಲ್ಲಿ ಟಾರ್ವರನ ಹಿಂದೆ ನಡೆಯುತ್ತಿದ್ದ ವೆಂಡೆಲ್, ಎದುರಿನ ಬೆಂಚಿನ ಮೇಲೆ ಯೋರ್ಬಿನ್ ಕೂತದ್ದನ್ನು ಕಂಡು ಗಕ್ಕನೆ ನಿಂತ. ಪಕ್ಕದಲ್ಲಿ ಒಬ್ಬ ಎಳೆ ವಯಸ್ಸಿನ ವಕೀಲೆ. ಆಟಗಾರರ ಪರ ಮಾತಾಡಲು ಆಕೆ ಕೇಳಿಕೊಂಡವರಲ್ಲಿ, ಬರಲು ಒಪ್ಪಿದ್ದವನು ಅವನೊಬ್ಬನೇ. ವೆಂಡೆಲ್, ಯೋರ್ಬಿನ್ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಬಂದಿದ್ದರು.

"ತಾತ, ಕೋಟು ಚೆನ್ನಾಗಿದೆ," ಎಂದ ಯೋರ್ಬಿನ್. ಅಷ್ಟರಲ್ಲಿ ಒಳಗೆ ಕರೆದರು.

ಮೊದಲು ಯೋರ್ಬಿನ್. ತಿಳಿದಷ್ಟು ಇಂಗ್ಲಿಷಿನಲ್ಲಿ, ತಿಳಿಯದಲ್ಲಿ ದುಭಾಷಿಯನ್ನು ನೋಡುತ್ತ, ಅಭ್ಯಾಸ, ಬಸ್ಸಿನ ಪ್ರಯಾಣ, ಆಟ, ಆರು ಜನರ ಕೋಣೆ ಎಲ್ಲ ಹೇಳಿದ. ಕನ್ನಡಕದ ಒಬ್ಬ ಸದಸ್ಯ ಮುಂದಕ್ಕೆ ಬಾಗಿ, "ಅಲ್ಲಪ್ಪ, ನಿಮ್ಮ ಕೆಲಸ ಮಧ್ಯಾಹ್ನ ಶುರು. ಬೆಳಗೆಲ್ಲ ಬಿಡುವೇ. ಬೆಳಿಗ್ಗೆ ಏನ್ ಮಾಡ್ತೀರಿ?" ಎಂದು ಕೇಳಿದ.

ಯೋರ್ಬಿನ್ ತನ್ನ ಅಂಗೈ ನೋಡಿಕೊಂಡ. ಹಂದಿ ಲಾರಿಯ ಮಾತೆತ್ತಿದರೆ ಅಲ್ಲಿಗೆ ಮುಗಿಯಿತು.

"ಮಲಗ್ತೀನಿ ಸಾರ್."

ಸಭೆಯಲ್ಲಿ ನಗು ಎದ್ದಿತು. ಕೆಟ್ಟ ನಗುವೇನಲ್ಲ, ಹುಡುಗರು ಮಲಗುವುದು ಸಹಜ ಎನ್ನುವಂಥ ನಗು.

ವೆಂಡೆಲ್‌ನ ಸರದಿ ಬಂತು. ಅವನು ಚೆನ್ನಾಗಿಯೇ ಮಾತಾಡಿದ. ಅಪ್ಪನ ಕಣಜ, ಬೇಸಿಗೆಯ ಸಂಜೆ, ಮೈದಾನದಲ್ಲಿ ಮಕ್ಕಳು, ಈ ತಂಡ ಹೋದರೆ ಊರಿನ ದೀಪವೇ ಆರಿದಂತೆ. ಬೆರಳುಗಳನ್ನು ಮೇಜಿನ ಮೇಲಿಟ್ಟಿದ್ದ. ಎಲ್ಲರೂ ಅವನ್ನೇ ನೋಡುತ್ತಿದ್ದರು. ಆಗ ಅದೇ ಕನ್ನಡಕದ ಸದಸ್ಯ ಕೇಳಿದ: "ಈಗ ಈ ತರುಣ ಹೇಳಿದ್ದು ಕೇಳಿದ್ರಿ. ನಿಮ್ಮ ತಂಡದಲ್ಲಿ ಯಾರಾದ್ರೂ ಹಸಿದುಕೊಂಡು ಇರ್ತಾರಾ ಕ್ರಾಟ್ಸ್ ಅವರೇ?"

ಟಾರ್ವರ್ ಈ ಪ್ರಶ್ನೆಗೆ ಉತ್ತರ ಕಲಿಸಿರಲಿಲ್ಲ. ಬಂದ ಉತ್ತರ ವೆಂಡೆಲ್‌ನದೇ.

"ಇಲ್ಲ ಸಾರ್. ನಮ್ಮವರನ್ನ ನಾವು ನೋಡ್ಕೋತೀವಿ. ನನ್ನ ಹೆಂಡತಿ ಪ್ರತಿ ಭಾನುವಾರ ಊಟ ಹಾಕ್ತಾಳೆ. ಈ ಹುಡುಗನಿಗೂ ಹಾಕ್ತಾಳೆ, ಬೇಕಾದ್ರೆ ಅವನನ್ನೇ ಕೇಳಿ."

ಎಲ್ಲರೂ ಯೋರ್ಬಿನ್ ಕಡೆ ತಿರುಗಿದರು. ಅವನು ತಲೆಯಾಡಿಸಿದ. ಹೌದು, ಹಾಕುತ್ತಾರೆ. ಸದಸ್ಯರು ಮೆಚ್ಚಿಕೊಂಡು ಏನೋ ಗುರುತು ಹಾಕಿಕೊಂಡರು. ಹಿಂದಿರುಗುವಾಗ ಗಾಡಿಯಲ್ಲಿ ಟಾರ್ವರ್, "ಆ ಊಟದ ಮಾತಿದೆಯಲ್ಲ, ಅಬ್ಬಾ, ನಂಗೂ ಹೊಳೆದಿರಲಿಲ್ಲ," ಎಂದು ಅವನ ತೊಡೆ ತಟ್ಟಿದ. ವೆಂಡೆಲ್ ಕಿಟಕಿಯಾಚೆ ನೋಡುತ್ತ ಕೂತಿದ್ದ. ಜೋಳ ಆಗಿನ್ನೂ ಗೇಣುದ್ದ ಎದ್ದಿತ್ತು.

ಮಾರನೆಯ ಸಂಜೆಯೇ ಆಟ. ಎಸೆಯುವವನು ಯೋರ್ಬಿನ್, ಹಿಡಿಯುವವನು ವೆಂಡೆಲ್. ವೆಂಡೆಲ್ ಬೆರಳ ಸನ್ನೆಯಲ್ಲಿ ನಿಧಾನದ ಚೆಂಡು ಕೇಳಿದ. ಯೋರ್ಬಿನ್ ವೇಗದ್ದೇ ಎಸೆದ. ಮತ್ತೆ ಕೇಳಿದ, ಮತ್ತೆ ವೇಗದ್ದೇ. ಕೈಗವಸಿನೊಳಗೆ ಅಂಗೈ ಉರಿಯತೊಡಗಿತು. ಆಟ ನಿಲ್ಲಿಸಲು ಕೈಯೆತ್ತಿ ವೆಂಡೆಲ್ ಅವನ ಬಳಿಗೆ ನಡೆದ.

"ಏನೋ ಇದು? ಸನ್ನೆ ಕಾಣ್ತಿಲ್ವಾ?"

"ಕಾಣ್ತಿದೆ."

"ನಿನ್ನೇದು... ನೋಡು ಯೋರ್ಬಿನ್, ನಾನು ಸುಳ್ಳು ಹೇಳಿಲ್ಲ."

"ನೀನೆಲ್ಲಿ ಸುಳ್ಳು ಹೇಳ್ದೆ ತಾತ? ಭಾನುವಾರದ ಊಟ ನಿಜ. ಕೋಳಿ ನಿಜ. ನೋರೀನಮ್ಮ ದೇವರಂಥೋರು, ಅದೂ ನಿಜ." ಚೆಂಡನ್ನು ಅಂಗೈಯಲ್ಲಿ ಹೊರಳಿಸುತ್ತ ಅವನು ತಣ್ಣಗೆ ಹೇಳಿದ: "ವಾರಕ್ಕೆ ಇನ್ನೂ ಆರು ದಿನ ಇರ್ತವೆ, ಅಷ್ಟೇ. ಹೋಗು, ಕೂತ್ಕೋ. ಅಂಪೈರ್ ಬೈತಿದಾನೆ."

ಆ ಸಂಜೆ ಅವರು ಗೆದ್ದರು. ಯೋರ್ಬಿನ್ ಅಷ್ಟು ಜೋರಾಗಿ ಹಿಂದೆಂದೂ ಎಸೆದಿರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನೋರೀನಳಿಗೆ ವಿಷಯ ಗೊತ್ತಾದದ್ದು ವೃದ್ಧಾಶ್ರಮದ ರೇಡಿಯೋದಲ್ಲಿ. ಮನೆಗೆ ಬಂದವಳು ಚೀಲ ಕೆಳಗಿಡದೆ ಬಾಗಿಲಲ್ಲೇ ನಿಂತು ಕೇಳಿದಳು: "ನನ್ನ ಅಡಿಗೇನ ಅಲ್ಲಿಗ್ಯಾಕೆ ಎಳ್ಕೊಂಡ್ ಹೋದೆ?"

"ಬಾಯಿಗೆ ಬಂತು, ಅಂದ್ಬಿಟ್ಟೆ."

"ಅವನು ಬನ್ನು ಕದ್ದಿದ್ದನ್ನ ನಾನು ನಿಂಗೂ ಹೇಳಿರ್ಲಿಲ್ಲ ಕಣೋ. ಅವನ ಮಾನ ಹೋಗ್ಬಾರ್ದು ಅಂತ ಡಬ್ಬಿ ಕಟ್ಟಿದ್ದು. ಅದನ್ನ ತಗೊಂಡ್ ಹೋಗಿ, ಇವರಿಗೆ ಸಂಬಳ ಬೇಡ, ಊಟ ನಡೀತಿದೆ ಅಂತ ಹೇಳ್ಬಂದ್ಯಲ್ಲ."

ಅವಳು ಕೂಗಾಡುವ ಹೆಂಗಸಾಗಿದ್ದರೆ ಚೆನ್ನಾಗಿತ್ತು. ಆ ಭಾನುವಾರವೂ ಕೋಳಿ ಬೇಯಿಸಿದಳು. ಯೋರ್ಬಿನ್ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಆಮೇಲೆ ಅವಳು ಭಾನುವಾರದ ಪಾಳಿ ಕೇಳಿ ಹಾಕಿಸಿಕೊಂಡಳು.

ಮಸೂದೆ ಸಲೀಸಾಗಿ ಪಾಸಾಯಿತು. ಬೇಸಿಗೆ ಇಳಿಯುವ ಹೊತ್ತಿಗೆ ಯೋರ್ಬಿನ್‌ನ ಮೊಣಕೈ ಊದಿಕೊಂಡಿತು. ಬೆಳಗಿನ ಪೈಪೋ, ಸಂಜೆಯ ವೇಗವೋ, ಯಾವುದರಿಂದ ಅಂತ ಹೇಳುವುದು? ಒಂದು ಸಂಜೆ ಎಸೆದ ಚೆಂಡು ಅರ್ಧದಲ್ಲೇ ನೆಲಕ್ಕೆ ಬಿತ್ತು. ಅವನು ತೋಳನ್ನು ಕೂಸಿನಂತೆ ಎದೆಗವಚಿಕೊಂಡು ಮೊಣಕಾಲೂರಿದ. ವೆಂಡೆಲ್ ಕುಂಟುತ್ತ ಓಡಿದ. ಯೋರ್ಬಿನ್ ತಲೆಯೆತ್ತದೆ ಅವನ ಭುಜ ಹಿಡಿದುಕೊಂಡು ಎದ್ದ.

ಒಂದು ವಾರ ಕಳೆದ ಮೇಲೆ ಟಾರ್ವರ್ ವೆಂಡೆಲ್‌ನನ್ನು ಕರೆದು, "ಆ ಹುಡುಗನ್ನ ಇನ್ನಿಟ್ಕೊಳ್ಳೋಕಾಗಲ್ಲ. ನೀನೇ ಹೇಳ್ಬಿಡು. ಕೋಚ್ ಆದ್ಮೇಲೆ ಇಂಥವೆಲ್ಲ ನೀನೇ ಮಾಡ್ಬೇಕಲ್ಲ, ಅಭ್ಯಾಸ ಆಗ್ಲಿ," ಎಂದ.

ಚಪ್ಪಲಿ ಅಂಗಡಿಯ ಮಹಡಿ ಹತ್ತುವಾಗ ಮಂಡಿಗಿಂತ ಹೆಚ್ಚಾಗಿ ಬೇರೆ ಏನೋ ನೋಯುತ್ತಿತ್ತು. ಯೋರ್ಬಿನ್ ಹಾಸಿಗೆಯ ಗಾಳಿ ಬಿಡುತ್ತ ಕೂತಿದ್ದ. ಬ್ಯಾಗು ಆಗಲೇ ಕಟ್ಟಿತ್ತು.

"ಯಾರು ಹೇಳಿದ್ರು ನಿಂಗೆ?"

"ಯಾರು ಹೇಳ್ಬೇಕು ತಾತ? ಎಸೆಯೋಕಾಗದ ಪಿಚರ್‌ನ ಯಾರಿಟ್ಕೋತಾರೆ?" ಎಂದು ಯೋರ್ಬಿನ್ ನಕ್ಕ. "ಬಸ್‌ಸ್ಟ್ಯಾಂಡಿಗೆ ಬಿಡ್ತೀಯಾ? ಎಡಗೈಲಿ ಬ್ಯಾಗು ಹೊತ್ತು ರೂಢಿ ಇಲ್ಲ."

ಕಾರಿನಲ್ಲಿ ಹಿಂದಿನ ಸೀಟಿನ ಮೇಲೆ ನೋರೀನ್ ಕಳಿಸಿದ ಡಬ್ಬಿಯಿತ್ತು. ಅದನ್ನು ಕೊಡುವುದೋ ಬೇಡವೋ ಎಂದು ವೆಂಡೆಲ್ ದಾರಿಯುದ್ದಕ್ಕೂ ಒದ್ದಾಡಿದ. ಬಸ್ಸು ಬಂದಾಗ ಕೊಟ್ಟ. ಯೋರ್ಬಿನ್ ತೆಗೆದುಕೊಂಡು, ಮುಚ್ಚಳ ಸಡಿಲಿಸಿ ವಾಸನೆ ನೋಡಿ, "ನೋರೀನಮ್ಮಂಗೆ ನಮಸ್ಕಾರ ಹೇಳು," ಎಂದ. ಮೆಟ್ಟಿಲು ಹತ್ತಿದವನು ತಿರುಗಿ ನೋಡಲಿಲ್ಲ. ಒಳಗೆ ಹೋಗಿ ವೆಂಡೆಲ್ ನಿಂತಿದ್ದ ಕಡೆಯಲ್ಲ, ಆಚೆ ಬದಿಯ ಕಿಟಕಿಯ ಪಕ್ಕ ಕೂತ.

ಟಾರ್ವರ್ ಕೊಟ್ಟ ಮಾತು ತಪ್ಪಲಿಲ್ಲ, ಅಷ್ಟರಮಟ್ಟಿಗೆ. ಮರುವರ್ಷ ವೆಂಡೆಲ್ ಕೋಚ್ ಆದ. ಆದರೆ ಕರಾರಿನಲ್ಲಿ ಬರೆದದ್ದು 'ಆಟಗಾರ ಹಾಗೂ ಕೋಚ್' ಎಂದು. ಆಟಗಾರ ಎಂಬ ಮಾತೊಂದು ಸೇರಿದ್ದರಿಂದ, ತಾನು ಸಾಕ್ಷಿ ನುಡಿದು ತಂದ ಆ ಕಾನೂನಿನ ಬಾವಿಗೇ ಅವನೂ ಬಿದ್ದ. ತಾಸಿನ ಲೆಕ್ಕ ಅವನಿಗೂ ಇಲ್ಲ. "ಬರೀ ಒಂದು ಪದ ಕಣಯ್ಯಾ, ಅದಕ್ಯಾಕೆ ತಲೆ ಕೆಡಿಸ್ಕೋತೀಯ," ಎಂದ ಟಾರ್ವರ್. ಚೆಂಡು ಹೊರುವುದು, ಅಂಗಳ ಗುಡಿಸುವುದು, ಹುಡುಗರ ಬಟ್ಟೆ ಒಗೆಯಲು ಹಾಕುವುದು, ಇವೂ ಆ ಪದದೊಳಗೇ ಬಂದವು. ಹೊಸಬರು ಹಸಿದಿದ್ದು ಮುಖದಲ್ಲಿ ಕಂಡರೂ ಅವನು ಮನೆಗೆ ಕರೆಯುತ್ತಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆಯುವುದು?

ಆ ಶರತ್ಕಾಲದಲ್ಲಿ ತಂಡ ಮಾರಾಟವಾಯಿತು. ನದಿಯ ಕೆಳಹರಿವಿನ ದೊಡ್ಡ ಊರೊಂದು ಹೊಸ ಮೈದಾನ ಕಟ್ಟಿಸಿ ಕರೆದಿತ್ತು. ಕೂಲಿಯ ಕಾನೂನಿನಿಂದ ತಪ್ಪಿಸಿಕೊಂಡ ತಂಡಕ್ಕೆ ಬೆಲೆಯೂ ಏರಿತ್ತು ಎಂದು ಊರವರು ಆಡಿಕೊಂಡರು. ಹೊಸ ಒಡೆಯರು ತಮ್ಮದೇ ಕೋಚ್‌ನನ್ನು ತಂದರು. ಟಾರ್ವರ್ ಬಂದು ವೆಂಡೆಲ್‌ನ ಕೈ ಹಿಡಿದು, ಕಣ್ಣಲ್ಲಿ ನಿಜವಾಗಿಯೂ ನೀರು ತಂದುಕೊಂಡು, "ನನ್ನ ಕೈಲಿ ಏನಿತ್ತು ಹೇಳು," ಎಂದ. ಬೋರ್ಡು ಕಳಚಿದರು, ದೀಪದ ಕಂಬ ಬಿಚ್ಚಿ ಲಾರಿಗೆ ಹಾಕಿದರು. ಮುಂದಿನ ಬೇಸಿಗೆಗೆ ಮೈದಾನದಲ್ಲಿ ಹುಲ್ಲು ಮೊಣಕಾಲುದ್ದ ಬೆಳೆಯಿತು.

ನೋರೀನ್ ಹೇಳಿ ಕೊಡಿಸಿದ್ದರಿಂದ ವೆಂಡೆಲ್‌ಗೆ ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಸಿಕ್ಕಿತು. ಕನಿಷ್ಠ ಕೂಲಿ, ತಾಸಿನ ಲೆಕ್ಕ, ಹೆಚ್ಚು ದುಡಿದರೆ ಹೆಚ್ಚು. ಮೊದಲ ಸಂಬಳ ಬಂದ ದಿನ ಅವನು ಅದನ್ನು ನೋರೀನಳಿಗೆ ತೋರಿಸಿದ. "ಹೂಂ," ಎಂದಳು, ಚುಚ್ಚಲಿಲ್ಲ. ಚುಚ್ಚಿದ್ದರೆ ಅವನಿಗೆ ಹಾಯೆನಿಸುತ್ತಿತ್ತು. ವಕ್ರ ಬೆರಳುಗಳಿಗೆ ದುಪ್ಪಟಿಯ ಮೂಲೆ ಹಿಡಿದು ಮಡಿಸಲು ಬರುತ್ತಿರಲಿಲ್ಲ. ಗದ್ದದ ಕೆಳಗೆ ಒಂದು ತುದಿ ಒತ್ತಿಕೊಂಡು ಮಡಿಸುವುದನ್ನು ಕಲಿತ. ಮುದುಕರಲ್ಲಿ ಕೆಲವರು ಗುರುತು ಹಿಡಿದು, "ಹೇ, ಹೆರನ್ಸ್ ಕ್ಯಾಚರ್ ಅಲ್ವೇನಯ್ಯಾ? ಒಂದ್ಸಲ ನಿನ್ನ ಹುಡುಗ ಒಬ್ಬ, ಉದ್ದ ಕತ್ತಿನವ, ಏನ್ ಎಸೆದ ಅಂತೀಯ!" ಎನ್ನುತ್ತಿದ್ದರು. "ಹೌದು," ಎಂದು ಅವನು ಗಾಡಿ ತಳ್ಳಿಕೊಂಡು ಮುಂದೆ ಹೋಗುತ್ತಿದ್ದ.

ಯೋರ್ಬಿನ್‌ಗೆ ಅವನು ಹಲವು ಸಲ ಫೋನು ಮಾಡಿದ. ಕೊನೆಗೆ ಎತ್ತಿದ್ದು ಅವನ ಸೋದರಸಂಬಂಧಿ. ಯೋರ್ಬಿನ್ ಚಿಲಿ ದೇಶಕ್ಕೆ ಹೋಗಿದ್ದಾನೆ, ನೆಲಕ್ಕೆ ಹಾಸುಗಲ್ಲು ಕೂರಿಸುವ ಕೆಲಸ, ತೋಳು ಭುಜದ ಮೇಲಕ್ಕೆ ಏಳುವುದಿಲ್ಲ, ಆದರೆ ಆ ಕೆಲಸಕ್ಕೆ ಮೇಲೆತ್ತುವುದೇನೂ ಬೇಕಿಲ್ಲವಲ್ಲ ಎಂದ. ಹೊಸ ನಂಬರು ಕೊಡಲಿಲ್ಲ. ಕೇಳಲು ವೆಂಡೆಲ್‌ಗೂ ಧೈರ್ಯ ಬರಲಿಲ್ಲ.

ಒಂದು ರಜೆಯ ದಿನ, ನೋರೀನ್ ಹಿತ್ತಿಲಲ್ಲಿದ್ದಾಗ, ಅವನು ರಾಜಧಾನಿಯ ಆ ಸಮಿತಿಯ ಕಚೇರಿಗೆ ಫೋನು ಮಾಡಿದ. ಎತ್ತಿದ ಹೆಂಗಸಿನ ದನಿ ಮೃದುವಾಗಿತ್ತು. ತಾನು ಯಾರು, ಯಾವ ವರ್ಷ ಏನು ಹೇಳಿದೆ ಎಂಬುದನ್ನೆಲ್ಲ ತಡವರಿಸುತ್ತ ವಿವರಿಸಿ, "ಆ ಮಾತನ್ನ ವಾಪಸ್ ತಗೋಬಹುದಾ ಅಮ್ಮಾ?" ಎಂದು ಕೇಳಿದ.

ಆಕೆ ಸ್ವಲ್ಪ ಹೊತ್ತು ಹುಡುಕಿದಳು. "ಸಿಕ್ತು ಕ್ರಾಟ್ಸ್ ಅವರೇ. ತೆಗೆಯೋಕೆ ಬರಲ್ಲ, ನಿಯಮ ಇಲ್ಲ. ಆದ್ರೆ ಅದಕ್ಕೆ ಏನಾದ್ರೂ ಸೇರಿಸ್ಬಹುದು. ಏನ್ ಸೇರಿಸ್ಲಿ, ಹೇಳಿ, ಬರ್ಕೋತೀನಿ."

ವೆಂಡೆಲ್ ಫೋನನ್ನು ಕಿವಿಗೊತ್ತಿಕೊಂಡು ನಿಂತ. ಹಂದಿ ಲಾರಿಯ ಮಾತು ಹೇಳಲೇ? ಅದು ಯೋರ್ಬಿನ್‌ನ ಮಾತು, ತನ್ನದಲ್ಲ. ಬನ್ನಿನ ಮಾತು ಹೇಳಲೇ? ಅದು ನೋರೀನಳದು. ತನ್ನದೆಂದು ಹೇಳಿಕೊಳ್ಳುವ ಮಾತು ಯಾವುದಿದೆ ಎಂದು ಹುಡುಕುತ್ತಲೇ ಇದ್ದ. ಆಕೆ ಎರಡು ಸಲ "ಇದೀರಾ?" ಎಂದಳು.

"ಯೋಚ್ನೆ ಮಾಡಿ ಮತ್ತೆ ಮಾಡ್ತೀನಿ," ಎಂದು ಇಟ್ಟ.

ಹಿತ್ತಿಲಿಂದ ಬಂದ ನೋರೀನ್ ಕೈ ಒರೆಸಿಕೊಳ್ಳುತ್ತ, "ಯಾರ್ ಜೊತೆ ಮಾತಾಡ್ತಿದ್ದೆ?" ಎಂದಳು.

"ಯಾರೂ ಇಲ್ಲ. ರಾಂಗ್ ನಂಬರ್."

ಅವಳು ಅವನ ಮುಖವನ್ನೊಮ್ಮೆ ನೋಡಿ, ಒಲೆ ಹಚ್ಚಿದಳು. ಅವನು ಮತ್ತೆ ಫೋನು ಮಾಡಲಿಲ್ಲ.